ಜಾಮೀನಿನ ಮೇಲಿರುವ ಪತ್ತೇದಾರ

ಪತ್ತೇದಾರಿ ಕಾದಂಬರಿಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಒಂದು ಬಗೆ: ಖೂನಿ ಆರೋಪ ಹೊತ್ತವನೇ ನಿಜವಾದ ಖೂನಿಗಾರನನ್ನು ಹುಡುಕಿ ಹೊರಡುವ ಕಥೆ. ವೃತ್ತಿಯ ಪತ್ತೇದಾರ ಸೋತರೆ ಸಂಜೆ ಮನೆಗೆ ಹೋಗಿ ಉಣ್ಣುತ್ತಾನೆ. ಇವನು ಸೋತರೆ ಜೈಲು. ಇವನು ಕದ ತಟ್ಟಿದರೆ ತೆಗೆಯುವವರಿಲ್ಲ, ತೆಗೆದವರು ಪೊಲೀಸರಿಗೆ ಹೇಳದೆ ಬಿಡುತ್ತಾರೆಂಬ ಭರವಸೆಯೂ ಇಲ್ಲ.

ಜಾನ್ ಬಕನ್ 1915ರಲ್ಲಿ ಪ್ರಕಟಿಸಿದ ‘ದಿ ಥರ್ಟಿ ನೈನ್ ಸ್ಟೆಪ್ಸ್’ ಓದಿದವರಿಗೆ ಇದರ ರುಚಿ ಗೊತ್ತು. ನಾಯಕ ಹ್ಯಾನೆಯ ಮನೆಯಲ್ಲೇ ಹೆಣ ಬಿದ್ದಿದೆ. ಹಾಲು ಹಾಕಲು ಬಂದವನ ಕೈಗೆ ಹಣ ಕೊಟ್ಟು, ಅವನ ಉಡುಪು ತೊಟ್ಟು, ಹಾಲಿನ ಕ್ಯಾನು ಹಿಡಿದು ಬೀದಿಗಿಳಿಯುತ್ತಾನೆ. ಆ ಕೆಲವು ಹೆಜ್ಜೆಗಳೇ ನನಗೆ ಇಡೀ ಪುಸ್ತಕದ ಜೀವ.

ಕನ್ನಡದಲ್ಲಿ ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಕಾದಂಬರಿ ಬರೆದು ಒಂದು ಇಡೀ ಪೀಳಿಗೆಗೆ ಓದಿನ ಹುಚ್ಚು ಹಿಡಿಸಿದರು. ಅವರ ಬಗ್ಗೆ ನನಗಿರುವ ಗೌರವ ದೊಡ್ಡದು. ಆದರೆ ಅವರ ಪತ್ತೇದಾರ ಪುರುಷೋತ್ತಮ ಹೊರಗಿನಿಂದ ಬಂದು ಗಂಟು ಬಿಡಿಸುವವನು, ಗಂಟಿನೊಳಗೆ ಸಿಕ್ಕವನಲ್ಲ.

ಸಿಕ್ಕವನ ಕಥೆ ನಮ್ಮ ರಾಜ್ಯದಲ್ಲೇ ನಡೆದುಹೋಯಿತು. ಕುಶಾಲನಗರದ ಕಡೆಯ ಒಬ್ಬ ಬಡ ಕೂಲಿಕಾರ ಹೆಂಡತಿ ಕಾಣೆಯಾಗಿದ್ದಾಳೆಂದು ತಾನೇ ದೂರು ಕೊಟ್ಟ. ಬೆಟ್ಟದಪುರದ ಬಳಿ ಅಸ್ಥಿಪಂಜರ ಸಿಕ್ಕಿತು, ಕೊಲೆ ಕೇಸು ಅವನ ಮೇಲೇ ಬಿತ್ತು. ಡಿಎನ್‌ಎ ಹೊಂದಲಿಲ್ಲ, ಆದರೂ ಕೇಸು ನಿಲ್ಲಲಿಲ್ಲ. ಒಂದೂವರೆ ವರ್ಷ ಜೈಲಿನಲ್ಲಿ ಕೊಳೆತ. ಜಾಮೀನಿನ ಮೇಲೆ ಹೊರಬಂದ ಮೇಲೆ, 2025ರ ಏಪ್ರಿಲ್‌ನಲ್ಲಿ ಅವನ ಗೆಳೆಯರು ಆ ಹೆಂಡತಿಯನ್ನು ಮಡಿಕೇರಿಯ ಹೋಟೆಲಿನಲ್ಲಿ ಜೀವಂತವಾಗಿ ಕಂಡರು. ಮೈಸೂರಿನ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿ 1 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಕಳೆದ ದಿನಗಳಿಗೆ ಅದು ಯಾವ ಲೆಕ್ಕ? ಇಡೀ ತನಿಖಾ ಯಂತ್ರಕ್ಕೆ ಕಾಣದ್ದು ಪರಿಚಯದವರ ಕಣ್ಣಿಗೆ ಬಿತ್ತು. ಹವ್ಯಾಸಿ ಪತ್ತೇದಾರನ ಬಂಡವಾಳವೇ ಅದು: ಮುಖದ ಗುರುತು.

ನಮ್ಮ ಕಲಬುರಗಿ ಜಿಲ್ಲೆಯ ಆಳಂದದಲ್ಲೂ ಅಂಥದೇ ಕಣ್ಣು ಕೆಲಸ ಮಾಡಿದೆ. ಅಲ್ಲಿ ಹೆಣ ಬಿದ್ದಿರಲಿಲ್ಲ, ಮತದಾರರ ಪಟ್ಟಿಯಿಂದ ಹೆಸರು ಅಳಿಸುವ ಯತ್ನ ನಡೆದಿತ್ತು. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಒಬ್ಬ ಮತಗಟ್ಟೆ ಅಧಿಕಾರಿಗೆ ತಮ್ಮ ಬಂಧುವೊಬ್ಬರ ಹೆಸರು ತೆಗೆಯಲು ಅರ್ಜಿ ಬಂದದ್ದು ಕಂಡಿತು. ಅರ್ಜಿ ನೆರೆಯವರ ಹೆಸರಿನಲ್ಲಿತ್ತು. ಹೋಗಿ ಕೇಳಿದರೆ ಆ ನೆರೆಯವರಿಗೆ ಸುದ್ದಿಯೇ ಇಲ್ಲ! ಆಮೇಲೆ 6,018 ಅರ್ಜಿ ಪರಿಶೀಲಿಸಿದಾಗ ಸರಿಯಿದ್ದವು ಬರೀ 24. ಮಾಡದ ಕೆಲಸಕ್ಕೆ ತಮ್ಮ ಹೆಸರು ಸಿಕ್ಕಿಬಿದ್ದವರು ಊರಲ್ಲೇ ಇದ್ದರು. ಬಿಡಿಸಿದ್ದು ನೆರೆಮನೆಗೆ ಹೋಗಿ ಕೇಳಿದ ಒಂದು ಪ್ರಶ್ನೆ.

ಇಷ್ಟೆಲ್ಲ ಸಾಮಗ್ರಿ ಇದ್ದೂ ನಮ್ಮ ಭಾಗದ ಪತ್ತೇದಾರಿ ಕಾದಂಬರಿಗಾಗಿ ನಾನಿನ್ನೂ ಕಾಯುತ್ತಿದ್ದೇನೆ. ಜೇವರ್ಗಿಯ ತೊಗರಿ ಹೊಲದಲ್ಲಿ ಸಿಕ್ಕ ಹೆಣ, ಅಫಜಲಪುರದ ಭೀಮಾ ದಂಡೆಯಲ್ಲಿ ಸಾಕ್ಷಿ, ಕಲಬುರಗಿ ಕೋರ್ಟಿನಲ್ಲಿ ತಾರೀಖು. ಆರೋಪಿಗೆ ಕಾರಿಲ್ಲ, ಟಂಟಂನಲ್ಲಿ ಪೊಲೀಸಪ್ಪನ ಪಕ್ಕವೇ ಕೂತು ಹೋಗಬೇಕು. ಊರ ಮಾತು ಬಲ್ಲ ಹುಡುಗ ಹುಡುಗಿಯರೇ, ಬರೆಯಿರಿ. ಹಸ್ತಪ್ರತಿ ಇದ್ದರೆ ಪತ್ರಿಕೆಯ ವಿಳಾಸಕ್ಕೆ ಕಳಿಸಿ, ಮೊದಲ ಓದುಗ ನಾನಾಗುತ್ತೇನೆ.