ಮೌನವಿಲ್ಲದ ಧ್ಯಾನ

ಕನ್ನಡದ ಓದುಗರಿಗೆ ಬುದ್ಧ ಸಿಕ್ಕಿದ್ದು ಹೆಚ್ಚಾಗಿ ಪುಸ್ತಕದಲ್ಲಿ. ಪಾಲಿ ಕಲಿತು ಬೌದ್ಧ ಕಥೆಗಳನ್ನು ಕನ್ನಡಕ್ಕೆ ತಂದ ಜಿ.ಪಿ. ರಾಜರತ್ನಂ ಅವರಂಥವರನ್ನು ಓದಿ ಬೆಳೆದ ನಮಗೆ ಬುದ್ಧನೆಂದರೆ ಮರದಡಿ ಒಬ್ಬನೇ ಕಣ್ಣುಮುಚ್ಚಿ ಕೂತವನು. ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠದಲ್ಲಿ ಮೊದಲ ಸಲ ಪೂಜೆ ನೋಡಲು ಕೂತಾಗ ಈ ಚಿತ್ರವನ್ನು ಒರೆಗೆ ಹಚ್ಚಬೇಕಾಯಿತು.

ಟಿಬೆಟ್ ತೊರೆದು ಬಂದ ಪೆನೋರ್ ರಿಂಪೋಚೆಯವರು 1963ರಲ್ಲಿ ಸ್ಥಾಪಿಸಿದ ಮಠವಿದು. ಜನ 'ಗೋಲ್ಡನ್ ಟೆಂಪಲ್' ಎಂದು ಕರೆಯುವ ದೊಡ್ಡ ಗುಡಿ 1999ರದು. ಒಳಗೆ ಬುದ್ಧ, ಪದ್ಮಸಂಭವ, ಅಮಿತಾಯು ಎಂಬ ಮೂರು ಭಾರಿ ಹೊಂಬಣ್ಣದ ಮೂರ್ತಿಗಳು. ಭಿಕ್ಷುಗಳು ಉದ್ದುದ್ದ ಸಾಲುಗಳಲ್ಲಿ ಎದುರುಬದುರು ಕೂತಿದ್ದರು. ಮುಂದೆ ಹೊಲಿಗೆಯಿಲ್ಲದ ನೀಳ ಹಾಳೆಗಳ ಗ್ರಂಥ. ಒಬ್ಬರು ತಗ್ಗಿದ ದನಿಯಲ್ಲಿ ಎತ್ತಿಕೊಟ್ಟರೆ ಉಳಿದವರು ಹಿಡಿದುಕೊಳ್ಳುತ್ತಿದ್ದರು. ನಡುನಡುವೆ ನಗಾರಿ, ತಾಳ, ನೆಲ ನಡುಗಿಸುವ ಕಹಳೆ. ಇನ್ನೊಂದು ಗಳಿಗೆಗೆ ಹುಡುಗ ಭಿಕ್ಷುಗಳು ಕೆಟಲಿನಿಂದ ಚಹಾ ಬಗ್ಗಿಸುತ್ತಾ ಸಾಗಿದರು. ಪಾಠ ನಿಲ್ಲಲಿಲ್ಲ.

ಇದು ಧ್ಯಾನವೇ? ಹೌದು ಎನ್ನುತ್ತದೆ ಆ ಸಂಪ್ರದಾಯ. ಪಾಠ ಹೇಳುವಾತ ದೇವತೆಯ ರೂಪವನ್ನು ಮನಸ್ಸಿನಲ್ಲಿ ಅಂಗಾಂಗವಾಗಿ ಕಟ್ಟುತ್ತಾನೆ. ಕೊನೆಗೆ ಅದನ್ನೇ ಶೂನ್ಯದಲ್ಲಿ ಕರಗಿಸುತ್ತಾನೆ. ಗಂಟೆ ಪ್ರಜ್ಞೆ, ವಜ್ರ ಉಪಾಯ. ಬಂದ ಪುಣ್ಯವನ್ನು ಸಕಲ ಜೀವಿಗಳಿಗೆ ಅರ್ಪಿಸಿ ಏಳುತ್ತಾರೆ. ಚಂಡೆಯ ಪೆಟ್ಟು ನಿಂತ ಕ್ಷಣದ ಮೌನವನ್ನು ಬಲ್ಲ ನಮ್ಮ ಕರಾವಳಿಯವರಿಗೆ, ಸದ್ದು ಏಕಾಗ್ರತೆಯ ಶತ್ರುವಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನನಗೊಂದು ತಕರಾರಿದೆ. ಕಟ್ಟುವ, ಕರಗಿಸುವ ಈ ಕೆಲಸ ನಡೆಯುವುದೆಲ್ಲ ಕೂತವರ ಒಳಗೆ. ಗುರುವಿನ ಉಪದೇಶವಿಲ್ಲದವನಿಗೆ ಅದರ ಬಾಗಿಲು ತೆರೆಯುವುದಿಲ್ಲ. ಅನುಭಾವವನ್ನು ಬೀದಿಯ ಮಾತಿಗೆ ಇಳಿಸಿದ ವಚನಕಾರರ ನಾಡಿನವನಿಗೆ ಇದು ಚುಚ್ಚುತ್ತದೆ. ಬುದ್ಧ ತಾನೇ ಪಂಡಿತರ ಭಾಷೆಯನ್ನು ಬಿಟ್ಟು ಜನರ ನುಡಿಯಲ್ಲಿ ಬೋಧಿಸಿದವನಲ್ಲವೆ?

ಈ ತಕರಾರಿಗೆ ಉತ್ತರ ಆ ಪೂಜೆಯಲ್ಲೇ ಇದೆ. 1959ರ ನಂತರ ಮನೆ, ಮಠ, ಹೊಲ ಕಳೆದುಕೊಂಡು ಬಂದವರಿಗೆ ಕಂಠದಲ್ಲಿ ಹೊತ್ತು ತರಲಾದದ್ದು ಈ ಪಾಠವೊಂದೇ. ಅವರ ಪಾಲಿಗೆ ಟಿಬೆಟನ್ ನುಡಿ ಪಂಡಿತರ ಬೇಲಿಯಲ್ಲ, ಉಳಿದ ಮನೆ. ನಮಗೆ ತಿಳಿಯಲೆಂದು ಅದನ್ನು ಬದಲಿಸಿ ಎನ್ನುವುದು ಅತಿಥಿಯ ಮಾತಾಗದು.

ಹಾಗಾಗಿ ಹೊರಗಿನವನ ಹೊಣೆಯೇ ದೊಡ್ಡದು. ಹತ್ತು ನಿಮಿಷ ನಿಂತು, ಫೋಟೋ ತೆಗೆದು, 'ಮನಸ್ಸಿಗೆ ಶಾಂತಿ ಸಿಕ್ಕಿತು' ಎಂದು ಕುಶಾಲನಗರದ ಬಸ್ಸು ಹತ್ತುವುದು ಸುಲಭ. ಶಾಂತಿಯನ್ನು ಹಂಚುವುದಕ್ಕೆ ಅವರು ಅಲ್ಲಿ ಕೂತಿಲ್ಲ. ಅವರ ಶ್ರಮ ಏನೆಂದು ಕೇಳಿ ತಿಳಿದುಕೊಂಡರೆ, ಅರವತ್ತು ವರ್ಷಗಳ ನೆರೆಹೊರೆಗೆ ಅಷ್ಟಾದರೂ ಅರ್ಥ ಬಂದೀತು.