ಕಾವ್ಯಾನಂದರ ಎರಡನೆಯ ಅಂಕಿತ

ಕವಿ ಸಿದ್ದಯ್ಯ ಪುರಾಣಿಕರ ಶೈಲಿ ಎಲ್ಲಿಂದ ಎಲ್ಲಿಗೆ ನಡೆಯಿತು ಎಂಬುದನ್ನು ಅವರ ಎರಡು ಅಂಕಿತಗಳೇ ಹೇಳುತ್ತವೆ. 1918ರಲ್ಲಿ ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ ಹುಟ್ಟಿದವರು ಮೊದಲು ಹೆಸರಾದದ್ದು ‘ಕಾವ್ಯಾನಂದ’ರಾಗಿ. ತಂದೆ ಕಲ್ಲಿನಾಥ ಶಾಸ್ತ್ರಿಗಳು ಪುರಾಣ ಕಟ್ಟಿದವರು. ಹಾಗಾಗಿ ಹಳೆಯ ಪದ್ಯದ ಲಯ ಮನೆಯಲ್ಲೇ ಕಿವಿಗೆ ಬಿದ್ದಿತ್ತು. ಮುಂದೆ ಓದಿದ್ದು ನಿಜಾಮರ ಹೈದರಾಬಾದಿನಲ್ಲಿ, ಉರ್ದುವಿನ ನಡುವೆ. ‘ಜಲಪಾತ’ ಸಂಕಲನದ ಕವಿತೆಗಳು ಹೆಸರಿಗೆ ತಕ್ಕಂತೆ ಧುಮ್ಮಿಕ್ಕುತ್ತವೆ: ಪ್ರಾಸದ ಮೇಲೆ ಪ್ರಾಸ, ಸಮಾಸದ ಬೆನ್ನಿಗೆ ಸಮಾಸ. ಒಮ್ಮೊಮ್ಮೆ ಅರ್ಥಕ್ಕಿಂತ ಸದ್ದೇ ಮುಂದೆ ಓಡುತ್ತದೆ ಅನ್ನಿಸುವುದೂ ಉಂಟು.

ಆಮೇಲೆ ಬಂದದ್ದು ‘ವಚನೋದ್ಯಾನ’ ಎಂಬ ವಚನ ಸಂಕಲನ. ಅಂಕಿತ ‘ಸ್ವತಂತ್ರಧೀರ ಸಿದ್ಧೇಶ್ವರ’. ಇಲ್ಲಿ ಪ್ರಾಸ ಬಂದರೆ ಬಂತು, ಬಿಟ್ಟರೆ ಬಿಟ್ಟಿತು. ಸಾಲು ಮೊಟಕು, ಮಾತು ನೇರ. ತಹಶೀಲ್ದಾರಿಕೆಯಿಂದ ಐಎಎಸ್‌ವರೆಗೆ ಅಧಿಕಾರವನ್ನು ಒಳಗಿನಿಂದ ಕಂಡವರ ವ್ಯಂಗ್ಯ ಅದರಲ್ಲಿದೆ. ನನಗಂತೂ ಈ ಮಾಗಿದ ಪುರಾಣಿಕರೇ ಹೆಚ್ಚು ಹತ್ತಿರ.

ಹಾಗಂತ ಆ ಹಳೆಯ ಸದ್ದನ್ನು ಅವರು ಪೂರ್ತಿ ಕೈಬಿಡಲಿಲ್ಲ. ಮಕ್ಕಳಿಗಾಗಿ ಬರೆದ ‘ತುಪ್ಪಾ ರೊಟ್ಟಿ ಗೇ ಗೇ ಗೇ’ಯ ಹೆಸರನ್ನೇ ಗಟ್ಟಿಯಾಗಿ ಹೇಳಿ ನೋಡಿ, ಗೊತ್ತಾಗುತ್ತದೆ.