ನೆಲದ ಮೇಲಿನ ಗೊಂಬೆಗಳು

ನವರಾತ್ರಿಯಲ್ಲಿ ಗೊಂಬೆ ಕೂರಿಸಿದ ಮನೆಗೆ ಹೋದವರ ಕಣ್ಣು ಮೊದಲು ಮೇಲಿನ ಮೆಟ್ಟಿಲಿಗೇ ಹೋಗುತ್ತದೆ. ಅಲ್ಲಿ ಕಳಶ, ಅದರ ಪಕ್ಕದಲ್ಲಿ ಪಟ್ಟದ ಗೊಂಬೆಗಳಾದ ರಾಜ–ರಾಣಿ. ಅದರ ಕೆಳಗೆ ದಶಾವತಾರ, ಅಷ್ಟಲಕ್ಷ್ಮಿ, ರಾಮನ ಪಟ್ಟಾಭಿಷೇಕ. ಇನ್ನೂ ಕೆಳಗೆ ಅಕ್ಕಿ, ಬೇಳೆ, ಬೆಲ್ಲ ಹರಡಿಕೊಂಡು ಕೂತ ಶೆಟ್ಟಿ–ಶೆಟ್ಟಮ್ಮ. ಮೂರೋ ಐದೋ ಏಳೋ ಒಂಬತ್ತೋ, ಮೆಟ್ಟಿಲು ಬೆಸವಾಗಿರಬೇಕು. ಇಷ್ಟು ನೋಡಿ, ಕುಂಕುಮ ಇಟ್ಟುಕೊಂಡು, ಉಸಲಿ ತಿಂದು ಎದ್ದುಬರುವವರೇ ಹೆಚ್ಚು. ಆದರೆ ಗೊಂಬೆ ಹಬ್ಬದ ಕಲೆ ಶುರುವಾಗುವುದೇ ಮೆಟ್ಟಿಲು ಮುಗಿದ ಮೇಲೆ, ನೆಲದಲ್ಲಿ. ಮೆಟ್ಟಿಲ ಮೇಲೆ ಯಾರು ಎಲ್ಲಿ ಕೂರಬೇಕೆಂದು ಸಂಪ್ರದಾಯ ಹೇಳಿಬಿಟ್ಟಿದೆ. ನೆಲದ ಬಗ್ಗೆ ಅದು ಏನನ್ನೂ ಹೇಳಿಲ್ಲ. ಅಲ್ಲಿ ಮನೆಯವರೇ ಕರ್ತೃಗಳು.

ಬೆಂಗಳೂರಿನ ಉಲ್ಲಾಳದಂಥ ಕಡೆ ಇದು ದೊಡ್ಡ ಮಾತು. ಹೊಲಗಳಿದ್ದ ಊರು ಉಲ್ಲಾಳ ಉಪನಗರವಾಗಿ, ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆಯಾಗಿ ಬೆಳೆದ ಮೇಲೆ ಚಾಮರಾಜಪೇಟೆಯವರು, ಮಂಡ್ಯ–ಹಾಸನದವರು, ಬಯಲುಸೀಮೆಯವರು ಒಂದೇ ರಸ್ತೆಯಲ್ಲಿ ಮನೆ ಮಾಡಿದ್ದಾರೆ. ಇವರೆಲ್ಲರ ಹಿರಿಯರೂ ಗೊಂಬೆ ಕೂರಿಸಿದವರಲ್ಲ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದರು. ಆ ಸೀಮೆಯಲ್ಲಿ ಗೊಂಬೆಯ ಪದ್ಧತಿ ಬೇರೂರಿತು. ಮೈಸೂರು ಅರಮನೆಯಲ್ಲಿ ಗೊಂಬೆ ತೊಟ್ಟಿಯೇ ಇದೆ. ಆದರೂ ಅದು ಹೆಚ್ಚಾಗಿ ಕೆಲವು ಸಮುದಾಯಗಳ ಮನೆಗಳಲ್ಲೇ ಉಳಿದಿತ್ತು. ಬೇಸಾಯದ ಮನೆಗಳಿಗೆ ಮಹಾಲಯ ಅಮಾವಾಸ್ಯೆ, ಆಯುಧಪೂಜೆ, ಬನ್ನಿ, ಇವೇ ಹಬ್ಬ. ಈಗ ಅಟ್ಟದ ಮೇಲೆ ಅಜ್ಜಿಯ ಟ್ರಂಕು ಇಲ್ಲದವರೂ ಗೊಂಬೆ ಕೂರಿಸುತ್ತಿದ್ದಾರೆ. ಇದು ನನಗೆ ತುಂಬ ಸಂತೋಷದ ಸಂಗತಿ. ಬಳುವಳಿಯಾಗಿ ಏನೂ ಬಾರದವರು ಎಲ್ಲಿಂದ ಆರಂಭಿಸಬೇಕು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಅಂಗಡಿ ಅದಕ್ಕೊಂದು ಉತ್ತರ ಸಿದ್ಧವಾಗಿಟ್ಟಿದೆ: ಸೆಟ್ಟು. ಮದುವೆ ಸೆಟ್ಟು, ಸೀಮಂತದ ಸೆಟ್ಟು, ಗಿರಿಜಾ ಕಲ್ಯಾಣದ ಸೆಟ್ಟು. ಒಂದೇ ಅಚ್ಚಿನ ಮುಖ, ಒಂದೇ ಗುಲಾಬಿ ಕೆನ್ನೆ, ಮೇಲೆ ಚಿನ್ನದ ಬಣ್ಣ. ಮಡಚಿಡುವ ಕಬ್ಬಿಣದ ಮೆಟ್ಟಿಲೂ ಜತೆಗೆ ಸಿಗುತ್ತದೆ. ಈ ಗೊಂಬೆ ಮಾಡುವವರ ಕೈಕಸುಬಿನ ಬಗ್ಗೆ ನನಗೆ ಗೌರವವಿದೆ. ಆದರೆ ಹೊಸದಾಗಿ ಗೊಂಬೆ ಕೂರಿಸುವ ಮನೆ ಒಂದೇ ವರ್ಷದಲ್ಲಿ ಒಂಬತ್ತು ಮೆಟ್ಟಿಲು ತುಂಬಿಸಲು ಹೊರಟಾಗ ಆ ಸಾಲಿನಲ್ಲಿ ಮನೆಯವರು ಎಲ್ಲೂ ಕಾಣುವುದಿಲ್ಲ. ನಾಲ್ಕು ಮನೆ ಸುತ್ತಿ ಬಂದರೆ ಯಾವ ಅಷ್ಟಲಕ್ಷ್ಮಿ ಯಾರ ಮನೆಯದೆಂದು ನೆನಪಾಗದು.

ಹಳೆಯ ಗೊಂಬೆಗೆ ಬೆಲೆ ಬರುವುದು ಅದರ ವಯಸ್ಸಿನಿಂದಲ್ಲ. ಪಟ್ಟದ ಗೊಂಬೆಯನ್ನೇ ನೋಡಿ. ರಕ್ತಚಂದನದ ಮರದಲ್ಲಿ ಕೆತ್ತಿದ ಗಂಡು–ಹೆಣ್ಣಿನ ಜೋಡಿ, ಮದುವೆಯಾಗಿ ಹೊರಡುವ ಮಗಳಿಗೆ ತವರಿನಿಂದ ಕೊಡುವಂಥದ್ದು. ಕೆತ್ತನೆ ಬಹಳ ಸಲ ಒರಟೇ: ಕಣ್ಣು ಅಗಲ, ಮೂಗು ಮೊಂಡು, ಕೈಗಳು ಮೈಗೆ ಅಂಟಿಕೊಂಡಿರುತ್ತವೆ. ಅದಕ್ಕೆ ಜೀವ ಬರುವುದು ಬಟ್ಟೆಯಿಂದ. ಹಳೆಯ ರೇಷ್ಮೆ ಸೀರೆಯ ಅಂಚು ಕತ್ತರಿಸಿ ರಾಣಿಗೆ ನೆರಿಗೆ ಹಿಡಿಯುತ್ತಾರೆ, ಶಲ್ಯದ ಜರಿಯಲ್ಲಿ ರಾಜನಿಗೆ ಪೇಟ ಸುತ್ತುತ್ತಾರೆ. ನಾನು ಬಲ್ಲ ಒಂದು ಮನೆಯ ರಾಣಿಗೆ ಮೂರು ಪದರ ಸೀರೆ. ಹೊಸದನ್ನು ಉಡಿಸುವಾಗ ಹಳೆಯದನ್ನು ಬಿಚ್ಚುವುದಿಲ್ಲ, ಅದರ ಮೇಲೇ ಉಡಿಸುತ್ತಾರೆ. ಒಳಗಿನದು ಮುತ್ತಜ್ಜಿಯ ಸೀರೆಯ ಅಂಚು, ಬಣ್ಣ ಹೋಗಿ ಬರೀ ಜರಿ ಉಳಿದಿದೆ. ರಾಣಿ ಒಂದಿಷ್ಟು ದಪ್ಪಗಾಗಿದ್ದಾಳೆ, ನೋಟಕ್ಕೆ ಅಷ್ಟೇನೂ ಚೆಂದವಿಲ್ಲ. ಅಂಗಡಿಯ ಯಾವ ರಾಣಿಯನ್ನೂ ನಾನು ಅವಳ ಪಕ್ಕದಲ್ಲಿ ನಿಲ್ಲಿಸಲಾರೆ. ಇದೇ ಕಾರಣಕ್ಕೆ ಹಳೆಯ ಮಣ್ಣಿನ ಗೊಂಬೆಗಳಿಗೆ ಹೊಳೆಯುವ ಎನಾಮೆಲ್ ಬಳಿಯುವುದನ್ನು ಕಂಡರೆ ಸಂಕಟವಾಗುತ್ತದೆ. ಬಿರುಕು ಮುಚ್ಚುತ್ತದೆ ನಿಜ, ಜತೆಗೆ ಮುಖವೂ ಮುಚ್ಚಿಹೋಗುತ್ತದೆ. ಮುರಿದ ಕೈಗೆ ಅಂಟು ಹಾಕಿ, ಬಣ್ಣವನ್ನು ಬಿಟ್ಟುಬಿಡಿ.

ಈಗ ನೆಲಕ್ಕೆ ಬರೋಣ. ಇದೇ ಉಲ್ಲಾಳದಲ್ಲಿ, ಟ್ರಂಕಿನ ಬಳುವಳಿ ಏನೂ ಇಲ್ಲದ ಒಂದು ಮನೆ. ಮೆಟ್ಟಿಲು ಮೂರೇ, ಗೊಂಬೆ ಕೆಲವೇ. ಅದರ ಮುಂದೆ ಹಾಲ್‌ನ ಅರ್ಧ ನೆಲವನ್ನು ಊರು ಆವರಿಸಿದೆ. ತಟ್ಟೆಯಲ್ಲಿ ಮೊಳಕೆ ಬರಿಸಿದ ರಾಗಿ ಪೈರು ಹೊಲವಾಗಿದೆ. ಅದರ ಬದುವಿನಲ್ಲಿ ಚನ್ನಪಟ್ಟಣದ ಎತ್ತಿನಗಾಡಿ, ಅರಗಿನ ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿದೆ. ಮನೆಯ ಮಗಳು ಚಿಕ್ಕವಳಿದ್ದಾಗ ಎಳೆದಾಡಿದ್ದು. ಬೆಂಕಿಪೊಟ್ಟಣದ ಕಂಬಗಳ ಮೇಲೆ ನೇರಳೆ ಬಣ್ಣದ ರಟ್ಟಿನ ಮೆಟ್ರೊ. 2021ರಲ್ಲಿ ರೈಲು ಕೆಂಗೇರಿಯವರೆಗೆ ಬಂತಲ್ಲ, ಆಗ ಹುಡುಗ ಮಾಡಿದ್ದಂತೆ. ಆ ಊರಿನ ನಡುವೆ ಒಂದು ಆಟಿಕೆ ಬಸ್ಸು, ಅದರ ಕಿಟಕಿಗೆ ತೂಗುಹಾಕಿದ ಹಿತ್ತಾಳೆಯ ಸೀಟಿ. ಯಜಮಾನರು ಬಸ್ ಕಂಡಕ್ಟರ್ ಆಗಿದ್ದವರು, ನಿವೃತ್ತಿಯ ದಿನದವರೆಗೂ ಊದಿದ ಸೀಟಿ ಅದು. ಬಸ್ಸಿಗಿಂತ ಸೀಟಿ ದೊಡ್ಡದು. ಅಳತೆ ಕೆಟ್ಟಿದೆ ಎಂದು ಯಾರಾದರೂ ಹೇಳಬಹುದು. ನಾನು ಹೇಳುವುದಿಲ್ಲ, ಯಾಕೆಂದರೆ ಆ ಮನೆಯಲ್ಲಿ ಆ ಸೀಟಿ ಅಷ್ಟೇ ದೊಡ್ಡದು. ನೋಡಲು ಬಂದ ಮಕ್ಕಳು ಮೊದಲು ಕೇಳುವುದೂ ಅದನ್ನೇ: “ಇದು ಯಾರ್ದು ಅಂಕಲ್?” ಅವರು ಹೇಳುತ್ತಾ ಕೂರುತ್ತಾರೆ, ಮಕ್ಕಳು ಬೊಂಬೆ ಬಾಗಿನವನ್ನೂ ಮರೆತು ಕೇಳುತ್ತಾರೆ.

ಕ್ರಿಸ್‌ಮಸ್ ಬಂದಾಗ ಇದೇ ಬಡಾವಣೆಯ ಕ್ರೈಸ್ತ ಮನೆಗಳಲ್ಲಿ ಇದರ ಸೋದರ ರೂಪ ಕಾಣುತ್ತದೆ. ಕುಂಡದ ಗಿಡವನ್ನೋ ಸರ್ವೆಯ ಕೊಂಬೆಯನ್ನೋ ಪ್ಲಾಸ್ಟಿಕ್ ಮರವನ್ನೋ ನಿಲ್ಲಿಸಿ ಗಾಜಿನ ಗುಂಡು, ಮಕ್ಕಳು ಕತ್ತರಿಸಿದ ಕಾಗದದ ನಕ್ಷತ್ರ, ತೀರಿಹೋದವರು ಕೊಟ್ಟ ಪುಟ್ಟ ಗಂಟೆಗಳನ್ನು ತೂಗುಹಾಕುತ್ತಾರೆ. ಜರ್ಮನಿಯ ಲೌಷಾ ಎಂಬ ಊರಿನ ಗಾಜಿನ ಕೆಲಸಗಾರರು ಹತ್ತೊಂಬತ್ತನೇ ಶತಮಾನದಲ್ಲಿ ಊದಿ ಜಗತ್ತಿಗೆ ಕಳಿಸಿದ ಗುಂಡುಗಳೇ ಇಂದಿನ ಈ ಗುಂಡುಗಳ ಮೂಲ. ಮರದ ದೊಡ್ಡ ಗುಣವೆಂದರೆ ಅದಕ್ಕೆ ಮೆಟ್ಟಿಲಿಲ್ಲ. ತುದಿಯ ನಕ್ಷತ್ರವೊಂದನ್ನು ಬಿಟ್ಟರೆ ಯಾವುದನ್ನು ಎಲ್ಲಿ ಬೇಕಾದರೂ ಕಟ್ಟಬಹುದು. ಕೊರತೆಯೂ ಅಲ್ಲೇ: ಒಂದಕ್ಕೊಂದು ಮಾತಾಡುವುದಿಲ್ಲ, ಪ್ರತಿಯೊಂದೂ ತನ್ನಷ್ಟಕ್ಕೆ ತೂಗಾಡುತ್ತದೆ. ಊರು ಕಟ್ಟುವ ಕೆಲಸ ನಡೆಯುವುದು ಮರದ ಕೆಳಗಿನ ಗೋದಲಿಯಲ್ಲಿ. ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ನಿಜವಾದ ಎತ್ತು–ಕತ್ತೆಗಳನ್ನು ನಿಲ್ಲಿಸಿ ಮಾಡಿದ ಗೋದಲಿ ನಮ್ಮಲ್ಲಿಗೆ ಬಂದು ಹುಲ್ಲಿನ ಗುಡಿಸಲು ಕಟ್ಟಿಕೊಂಡಿದೆ, ರಾಗಿ ಪೈರನ್ನೂ ಬೆಳೆಸಿಕೊಂಡಿದೆ. ಅಕ್ಟೋಬರಿನಲ್ಲಿ ಒಂದು ಮನೆಯಲ್ಲಿ, ಡಿಸೆಂಬರಿನಲ್ಲಿ ಇನ್ನೊಂದರಲ್ಲಿ, ಅದೇ ಪೈರು, ಅದೇ ಕನ್ನಡಿಚೂರಿನ ಕೆರೆ.

ಇತ್ತೀಚಿನ ಗೊಂಬೆ ಸ್ಪರ್ಧೆಗಳು ನೆಲದ ಮೇಲಿನ ಈ ಊರನ್ನು ಗಮನಿಸುವುದು ಕಡಿಮೆ. ಎಷ್ಟು ಗೊಂಬೆ, ಎಷ್ಟು ಮೆಟ್ಟಿಲು, ಏನು ಥೀಮು ಎಂದು ಕೇಳುತ್ತವೆ. ಥೀಮೆಂದರೆ ಚಂದ್ರಯಾನವೋ ಕಾಶಿಯೋ, ಆ ವರ್ಷ ಎಲ್ಲರ ಬಾಯಲ್ಲಿ ಇರುವಂಥದ್ದು. ಮೇಲೆ ಮಿನುಗುವ ಸೀರಿಯಲ್ ಸೆಟ್. ಆ ಬೆಳಕಿನಲ್ಲಿ ಯಾವ ಗೊಂಬೆಯ ಮುಖವೂ ಅರೆಕ್ಷಣ ನಿಲ್ಲುವುದಿಲ್ಲ.

ಈ ಹಬ್ಬದ ಬಗ್ಗೆ ನನ್ನ ಗಟ್ಟಿಯಾದ ಆಕ್ಷೇಪ ಬೇರೆಯದು. ಟ್ರಂಕಿನಿಂದ ಒಂದೊಂದೇ ಗೊಂಬೆಯನ್ನು ಹಳೆಯ ಪಂಚೆಯ ಸುತ್ತಿನಿಂದ ಬಿಡಿಸಿ, ಇದು ಯಾರ ಮದುವೆಯದು, ಯಾವ ಜಾತ್ರೆಯದು ಎಂದು ಹೇಳಬಲ್ಲವರು ಮನೆಯ ಹಿರಿಯ ಹೆಂಗಸು. ಅವರ ಗಂಡ ತೀರಿಹೋಗಿದ್ದರೆ, ಸಂಜೆ ಆರತಿಯ ಹೊತ್ತಿಗೆ ಅವರು ಅಡುಗೆಮನೆಯಲ್ಲಿ ಉಳಿಯುವುದನ್ನು ಕೆಲವು ಮನೆಗಳಲ್ಲಿ ಇವತ್ತಿಗೂ ಕಾಣುತ್ತೇವೆ. ಮುತ್ತೈದೆಯರಿಗೆ ಕುಂಕುಮ ಕೊಡುವ ಪದ್ಧತಿಯ ಹೆಸರಿನಲ್ಲಿ, ಗೊಂಬೆಗಳನ್ನು ಕಾಪಾಡಿಕೊಂಡು ಬಂದವರೇ ಗೊಂಬೆಗಳ ಮುಂದೆ ಕೂರುವಂತಿಲ್ಲ. ಬಂದ ಮಕ್ಕಳ ಪ್ರಶ್ನೆಗೆ ಸೊಸೆ ತಡವರಿಸುತ್ತಾಳೆ, ಉತ್ತರ ಬಲ್ಲವರು ಒಳಗೆ ಉಸಲಿಗೆ ಒಗ್ಗರಣೆ ಹಾಕುತ್ತಿರುತ್ತಾರೆ. ಕೆಲವು ಮನೆಗಳು ಇದನ್ನು ಬಿಟ್ಟಿವೆ. ಅಲ್ಲಿ ಅಜ್ಜಿಗೆ ಗೊಂಬೆಯ ಪಕ್ಕದಲ್ಲೇ ಕುರ್ಚಿ ಹಾಕಿದ್ದಾರೆ, ಮೊದಲ ಆರತಿಯೂ ಅವರದೇ. ಅಂಥ ಮನೆಯಲ್ಲಿ ಮೆಟ್ಟಿಲು ಎಷ್ಟಿವೆ ಎಂದು ನಾನು ಎಣಿಸಲು ಹೋಗುವುದಿಲ್ಲ.